ಸೋಡಾ ಬುಡ್ಡಿ ಕನ್ನಡಕದ ಕಾಲ

ನೆಲಮಂಗಲದ ಆಚೆಯ ತ್ಯಾಮಗೊಂಡ್ಲಿನ ಕಡೆ ಐವತ್ತು ದಾಟಿದವರನ್ನು ಕೇಳಿದರೆ ಚಿಕ್ಕಂದಿನಲ್ಲಿ ಕಂಡ ಒಂದು ಕನ್ನಡಕದ ನೆನಪನ್ನು ಹೇಳದೆ ಬಿಡುವುದಿಲ್ಲ. ದಪ್ಪ ಕರಿ ಫ್ರೇಮು, ಕಡ್ಡಿಗಳಿಗೆ ಕಟ್ಟಿ ತಲೆಯ ಹಿಂದೆ ಬಿಗಿದ ದಾರ, ಮೂಗು ಒತ್ತದಂತೆ ಸುತ್ತಿದ ಬಟ್ಟೆ ಚೂರು, ನಡುವೆ ಉಬ್ಬಿ ನಿಂತ ಗಾಜು. ಆ ಗಾಜಿನ ಹಿಂದೆ ಅಜ್ಜಿಯ ಕಣ್ಣು ಮುಖಕ್ಕೆ ಮೀರಿ ದೊಡ್ಡದಾಗಿ ಕಾಣುತ್ತಿತ್ತು. ಹುಡುಗರು ಅದಕ್ಕೆ ಸೋಡಾ ಬುಡ್ಡಿ ಎನ್ನುತ್ತಿದ್ದರು. ಜಗಲಿಯ ಮೇಲೆ, ಬಸ್ ನಿಲ್ದಾಣದಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ ಅಂಥ ಒಂದಾದರೂ ಕನ್ನಡಕ ಇರುತ್ತಿತ್ತು. ಈಗ ಹುಡುಕಿದರೂ ಸಿಗುವುದಿಲ್ಲ.

ಆ ಕನ್ನಡಕದ ಕಾಲ ಹೆಚ್ಚುಕಡಿಮೆ 1940ರ ದಶಕದಿಂದ 1990ರ ದಶಕದವರೆಗಿನದು. ಕಣ್ಣಿನ ಪೊರೆ ತೆಗೆಯುವ ಕ್ಯಾಂಪುಗಳ ಕಾಲವೂ ಅದೇ. ಆ ಕಾಲದ ಚರಿತ್ರೆ ನಮ್ಮಲ್ಲಿ ಉಳಿದುಕೊಂಡಿರುವುದು ಆಪರೇಷನ್‌ಗಳ ಸಂಖ್ಯೆಯಾಗಿ: ಯಾವ ಊರಲ್ಲಿ ಎಷ್ಟು ಜನಕ್ಕೆ ಆಯಿತು, ಒಂದೇ ದಿನ ಎಷ್ಟು ಮಾಡಿದರು ಎಂದು. ಆದರೆ ಆಪರೇಷನ್ ಅರ್ಧ ಕೆಲಸ ಮಾತ್ರ. ಉಳಿದರ್ಧ ಕೆಲಸ ಆ ಉಬ್ಬಿದ ಗಾಜಿನದು. ಅದರ ಲೆಕ್ಕವನ್ನು ಯಾರೂ ಸರಿಯಾಗಿ ಇಡಲಿಲ್ಲ, ಅದಕ್ಕೆ ಬಡವರು ತೆತ್ತ ಬೆಲೆ ದೊಡ್ಡದು.

ಮನೆಯಲ್ಲಿ ಅಂಥ ಹಳೆಯ ಕನ್ನಡಕ ಇನ್ನೂ ಇದ್ದರೆ ಒಂದು ಪ್ರಯೋಗ ಮಾಡಬಹುದು. ಹಗಲು ಹೊತ್ತಿನಲ್ಲಿ ಕಿಟಕಿಯ ಎದುರು ಗೋಡೆಗೆ ಗಾಜನ್ನು ಹಿಡಿಯಿರಿ. ಗೋಡೆಯಿಂದ ಹತ್ತು ಸೆಂಟಿಮೀಟರ್ ದೂರಕ್ಕೆ ತಂದಾಗ ಗೋಡೆಯ ಮೇಲೆ ಪುಟ್ಟ ಕಿಟಕಿಯೊಂದು ಮೂಡುತ್ತದೆ. ಸರಳುಗಳು, ಹೊರಗಿನ ತೆಂಗಿನ ಮರ, ಆಕಾಶ ಎಲ್ಲ ಬಣ್ಣಬಣ್ಣವಾಗಿ, ತಲೆಕೆಳಗಾಗಿ. ಗಾಜಿನೊಳಗೆ ಬೆಳಕಿನ ವೇಗ ತಗ್ಗುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಇದ್ದದ್ದು ಸುಮಾರು 2 ಲಕ್ಷಕ್ಕೆ ಇಳಿಯುತ್ತದೆ. ಎತ್ತಿನ ಗಾಡಿಯ ಒಂದು ಚಕ್ರ ಮೊದಲು ಮರಳಿಗೆ ಇಳಿದರೆ ಗಾಡಿ ಆ ಮಗ್ಗುಲಿಗೆ ತಿರುಗುವ ಹಾಗೆ, ಗಾಜಿಗೆ ಓರೆಯಾಗಿ ಬಿದ್ದ ಕಿರಣವೂ ತಿರುಗುತ್ತದೆ. ನೇರವಾಗಿ ಬಿದ್ದದ್ದು ತಿರುಗುವುದಿಲ್ಲ. ಉಬ್ಬು ಗಾಜಿನ ನಡುವೆ ಓರೆ ಇಲ್ಲ, ಅಂಚಿಗೆ ಹೋದಷ್ಟೂ ಓರೆ ಹೆಚ್ಚು. ಹಾಗಾಗಿ ನಡುವಿನ ಕಿರಣ ನೆಟ್ಟಗೆ ಸಾಗಿದರೆ ಅಂಚಿನದು ಹೆಚ್ಚು ಬಾಗಿ ಒಳಕ್ಕೆ ಬರುತ್ತದೆ. ತೆಂಗಿನ ಗರಿಯ ಒಂದು ತುದಿಯಿಂದ ಹೊರಟು ಗಾಜಿನ ಮೇಲೆಲ್ಲ ಹರಡಿ ಬಿದ್ದ ಕಿರಣಗಳು ಮತ್ತೆ ಒಂದೇ ಬಿಂದುವಿನಲ್ಲಿ ಕೂಡಿಕೊಳ್ಳುತ್ತವೆ. ಹೊರಗಿನ ಪ್ರತಿ ಬಿಂದುವಿಗೂ ಗೋಡೆಯ ಮೇಲೆ ಹೀಗೆ ತನ್ನದೇ ಒಂದು ಜಾಗ ಸಿಗುತ್ತದೆ. ಬಿಂಬ ಎಂದರೆ ಇಷ್ಟೇ.

ಈಗ ಗಾಜಿನ ಅರ್ಧಕ್ಕೆ ಕಾಗದ ಅಡ್ಡ ಹಿಡಿಯಿರಿ. ಅರ್ಧ ಕಿಟಕಿ ಮಾಯವಾಗುತ್ತದೆ ಎಂದುಕೊಂಡವರಿಗೆ ಅಚ್ಚರಿ ಕಾದಿರುತ್ತದೆ. ಕಿಟಕಿ ಪೂರ್ತಿ ಹಾಗೇ ಇರುತ್ತದೆ, ಬೆಳಕು ಮಾತ್ರ ಕುಗ್ಗುತ್ತದೆ. ಗಾಜಿನ ಪ್ರತಿ ಭಾಗವೂ ಇಡೀ ಬಿಂಬಕ್ಕೆ ಬೆಳಕು ಕೊಡುತ್ತಿರುತ್ತದೆ. ಕಣ್ಣಿಗೆ ಪೊರೆ ಬಂದವರ ಅನುಭವ ಇದರಿಂದ ಅರ್ಥವಾಗುತ್ತದೆ. ಕಣ್ಣಿನೊಳಗೆ ಈ ಗಾಜಿನಂತೆಯೇ ಕೆಲಸ ಮಾಡುವ ಮಸೂರದ ಒಂದು ಕಡೆ ಬೆಳ್ಳಗಾದರೆ ನೋಟದಲ್ಲಿ ತೂತು ಬೀಳುವುದಿಲ್ಲ. ಆ ಬಿಳುಪು ಬೆಳಕನ್ನು ದಿಕ್ಕುದಿಕ್ಕಿಗೆ ಚೆದುರಿಸಿ ನೋಟದ ಮೇಲೆಲ್ಲ ತೆಳುವಾಗಿ ಸುರಿಯುತ್ತದೆ. ಶಿವಗಂಗೆ ಬೆಟ್ಟದ ಗೆರೆ ಮೊದಲು ಮಾಸುತ್ತದೆ, ಆಮೇಲೆ ಬಸ್ಸಿನ ಬೋರ್ಡು, ಆಮೇಲೆ ಮೊಮ್ಮಗುವಿನ ಮುಖ. ಮಧ್ಯಾಹ್ನದ ಬಿಸಿಲಿನಲ್ಲಿ, ಎದುರು ಲಾರಿಯ ದೀಪದಲ್ಲಿ ಇನ್ನೂ ಕಷ್ಟ. “ಯಾರಪ್ಪಾ ಅದು? ಮಾತಾಡಿದ್ರೆ ಗೊತ್ತಾಗ್ತದೆ, ಮಕ ಕಾಣಾಕಿಲ್ಲ” ಎನ್ನುವುದು ಹಳ್ಳಿ ಜಗಲಿಗಳಲ್ಲಿ ದಿನಾ ಕೇಳುತ್ತಿದ್ದ ಮಾತು.

ಪೊರೆ ಎಂಬುದು ಮಸೂರವೇ ಮಬ್ಬಾಗಿರುವುದು ಎಂದು ತಿಳಿಯಲು ಜಗತ್ತಿಗೆ ಬಹಳ ಕಾಲ ಹಿಡಿಯಿತು. ನೋಡುವ ಶಕ್ತಿ ಇರುವುದೇ ಮಸೂರದಲ್ಲಿ, ಅದರ ಮುಂದೆ ಎಲ್ಲಿಂದಲೋ ಇಳಿದು ಬಂದ ತೆರೆಯೇ ಪೊರೆ ಎಂದು ಗ್ರೀಕ್ ಮತ್ತು ಅರಬ್ ವೈದ್ಯರು ನಂಬಿದ್ದರು. ಖಗೋಳಜ್ಞ ಕೆಪ್ಲರ್ 1604ರಲ್ಲಿ, ಮಸೂರ ಬೆಳಕನ್ನು ಬಾಗಿಸುವುದಷ್ಟೇ, ಬಿಂಬ ಮೂಡುವುದು ಹಿಂದಿನ ಅಕ್ಷಿಪಟಲದ ಮೇಲೆ, ಅದೂ ತಲೆಕೆಳಗಾಗಿ ಎಂದು ತೋರಿಸಿದ. ಮುಂದೆ ಶೈನರ್ ಎಂಬ ಪಾದ್ರಿ ಸತ್ತ ಎತ್ತಿನ ಕಣ್ಣಿನ ಹಿಂಭಾಗವನ್ನು ಕೆರೆದು ತೆಳುವಾಗಿಸಿ, ಅಲ್ಲಿ ಆ ತಲೆಕೆಳಗಾದ ಬಿಂಬವನ್ನು ಕಣ್ಣಾರೆ ಕಂಡ. ಕೆಪ್ಲರ್ ಹೇಳಿ ಒಂದು ಶತಮಾನ ಕಳೆದ ಮೇಲೆ, 1705ರಲ್ಲಿ ಫ್ರಾನ್ಸಿನ ಬ್ರಿಸೋ ಶವದ ಕಣ್ಣು ಬಿಡಿಸಿ ಮಬ್ಬಾಗಿರುವುದು ಮಸೂರವೇ ಎಂದ. ನೋಡುವ ಶಕ್ತಿ ಮಸೂರದಲ್ಲಿಲ್ಲ ಎಂದ ಮೇಲೆ ಅದನ್ನು ತೆಗೆದುಹಾಕುವ ಧೈರ್ಯ ಬಂತು. 1747ರಲ್ಲಿ ಅದೇ ದೇಶದ ದಾವಿಯೆಲ್ ಕಣ್ಣು ಕೊಯ್ದು ಮಸೂರವನ್ನು ಹೊರಗೆ ತೆಗೆದ.

ನಮ್ಮಲ್ಲಿ ಅದಕ್ಕೂ ಬಹಳ ಹಿಂದಿನಿಂದ ಇನ್ನೊಂದು ದಾರಿ ಇತ್ತು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಅದರ ವಿವರ ಇದೆ. ಜವೆಗೋಧಿಯ ಮೊನೆಯಂಥ ತುದಿಯುಳ್ಳ ಶಲಾಕೆಯನ್ನು ಕಣ್ಣಿನ ಮಗ್ಗುಲಿನಿಂದ ಚುಚ್ಚಿ ಪೊರೆಯನ್ನು ದೃಷ್ಟಿಯ ದಾರಿಯಿಂದ ಸರಿಸುವ ಚಿಕಿತ್ಸೆ ಅದು. ಮುಂದೆ ಊರೂರು ತಿರುಗುವ ಕಣ್ಣು ವೈದ್ಯರ ಕೈಗೆ ಬಂದಾಗ ಮಸೂರವನ್ನು ಕಣ್ಣಿನೊಳಗೇ ಕೆಳಕ್ಕೆ ದಬ್ಬಿಬಿಡುವುದೇ ರೂಢಿಯಾಯಿತು. ಪೊರೆ ಸರಿದ ಕ್ಷಣದಲ್ಲೇ ರೋಗಿಗೆ ಬೆಳಕು ಕಾಣುತ್ತಿತ್ತು, ಎದುರು ಹಿಡಿದ ಬೆರಳುಗಳನ್ನು ಎಣಿಸುತ್ತಿದ್ದ. ವೈದ್ಯ ದಕ್ಷಿಣೆ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದ. ಆಮೇಲೆ ಕಣ್ಣು ಊದಿ, ಕೀವಾಗಿ, ಒತ್ತಡ ಏರಿ ಹಾಳಾಗುವುದನ್ನು ನೋಡಲು ಅವನು ಅಲ್ಲಿರುತ್ತಿರಲಿಲ್ಲ. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ಮುಖ್ಯಸ್ಥರಾಗಿದ್ದ ಆರ್. ಎಚ್. ಎಲಿಯಟ್ ಈ ಹಾನಿಯನ್ನೇ ವಿಷಯ ಮಾಡಿಕೊಂಡು 1917ರಲ್ಲಿ ಒಂದು ಇಡೀ ಪುಸ್ತಕ ಬರೆದರು.

ಮಸೂರ ಸರಿದು ಹೋದರೂ ಬೆರಳು ಎಣಿಸುವಷ್ಟು ಕಂಡದ್ದು ಹೇಗೆ? ಇದಕ್ಕೆ ಉತ್ತರ ಕಣ್ಣಿನ ರಚನೆಯಲ್ಲಿದೆ. ಕಣ್ಣಿನಲ್ಲಿ ಬೆಳಕನ್ನು ಬಾಗಿಸುವವು ಎರಡು. ಮುಂದಿನ ಪಾರದರ್ಶಕ ಕಾರ್ನಿಯಾ ಒಂದು, ಒಳಗಿನ ಮಸೂರ ಇನ್ನೊಂದು. ಬಾಗಿಸುವ ಶಕ್ತಿಯನ್ನು ಅಳೆಯುವುದು ಡಯಾಪ್ಟರ್ ಲೆಕ್ಕದಲ್ಲಿ. ಒಂದು ಮೀಟರಿನ ಹತ್ತನೇ ಒಂದು ದೂರದಲ್ಲಿ ಕಿರಣಗಳನ್ನು ಕೂಡಿಸುವ ಗಾಜು 10 ಡಯಾಪ್ಟರ್. ಇಡೀ ಕಣ್ಣಿನ ಶಕ್ತಿ ಸುಮಾರು 60. ಅದರಲ್ಲಿ 40ಕ್ಕೂ ಹೆಚ್ಚು ಕಾರ್ನಿಯಾದ್ದು, ಏಕೆಂದರೆ ಬೆಳಕು ಗಾಳಿಯಿಂದ ಒದ್ದೆ ಕಣ್ಣಿಗೆ ದಾಟುವುದು ಅಲ್ಲಿ, ಅಲ್ಲೇ ಅದರ ವೇಗ ಥಟ್ಟನೆ ಬದಲಾಗುವುದು. ಮಸೂರದ ಸುತ್ತ ಇರುವುದು ನೀರಿನಂಥ ದ್ರವ. ನೀರಿಗೂ ಮಸೂರಕ್ಕೂ ವೇಗದ ಅಂತರ ಕಡಿಮೆ, ಆದ್ದರಿಂದ ಅದರ ಪಾಲು ಸುಮಾರು 20. ಮಸೂರ ಹೋದರೆ ಕಣ್ಣಿಗೆ ಮೂರನೇ ಎರಡು ಭಾಗ ಶಕ್ತಿ ಉಳಿದಿರುತ್ತದೆ. ಬೆಳಕು ಬರುತ್ತದೆ, ಬಣ್ಣ ಬರುತ್ತದೆ, ಆಕಾರದ ಸುಳಿವೂ ಸಿಗುತ್ತದೆ. ಕಿರಣಗಳು ಮಾತ್ರ ಅಕ್ಷಿಪಟಲವನ್ನು ಮುಟ್ಟುವಾಗ ಇನ್ನೂ ಒಂದಕ್ಕೊಂದು ಕೂಡಿರುವುದಿಲ್ಲ. ಆ ಕೊರತೆಯನ್ನು ತುಂಬಲು ಬಂದದ್ದೇ ಸೋಡಾ ಬುಡ್ಡಿ. ಕಣ್ಣಿನ ಮುಂದೆ ಸ್ವಲ್ಪ ದೂರದಲ್ಲಿ ಕೂರುವ ಗಾಜಾದ್ದರಿಂದ ಅದಕ್ಕೆ +10ರ ಆಸುಪಾಸು ಸಾಕಾಗುತ್ತಿತ್ತು.

ಬೆಂಗಳೂರಿನಲ್ಲಿ ಕಣ್ಣಿಗೆಂದೇ ಸರ್ಕಾರಿ ಚಿಕಿತ್ಸೆ ಆರಂಭವಾದದ್ದು 1896ರಲ್ಲಿ. 1913ರಲ್ಲಿ ಅದು ಈಗಿನ ಕಟ್ಟಡಕ್ಕೆ ಬಂದು ಮಿಂಟೋ ಕಣ್ಣಾಸ್ಪತ್ರೆ ಎನಿಸಿಕೊಂಡಿತು. ಮೈಸೂರು ಸಂಸ್ಥಾನದ ಹೆಮ್ಮೆಗಳಲ್ಲಿ ಅದೂ ಒಂದು. ಆದರೆ ಕಣ್ಣು ಕಾಣದವರು ಊರು ಬಿಟ್ಟು ಮಾರುಕಟ್ಟೆ ಬಳಿಯ ಆ ಆಸ್ಪತ್ರೆಯವರೆಗೆ ಹೋಗಬೇಕೆಂದರೆ ಕೈ ಹಿಡಿದು ನಡೆಸಲು ಒಬ್ಬರು ಬೇಕು. ಆ ಒಬ್ಬರ ದಿನಗಟ್ಟಲೆ ಕೂಲಿ ಹೋಗುತ್ತದೆ. ರಾಗಿ ಕೊಯ್ಲಿನ ಹೊತ್ತಿನಲ್ಲಿ ಯಾರು ಬಿಡುವಾಗಿರುತ್ತಾರೆ? ತ್ಯಾಮಗೊಂಡ್ಲು ವ್ಯಾಪಾರದ ಊರು, ನೆಲಮಂಗಲದ ಮೇಲೆ ಬೆಂಗಳೂರಿಗೆ ದಾರಿಯೂ ಇತ್ತು. ಮಣ್ಣೆಯ ಕಡೆ, ಇನ್ನೂ ಒಳಗಿನ ಹಳ್ಳಿಗಳಲ್ಲಿ ಇದ್ದ ಮುದುಕರಿಗೆ ಆ ದಾರಿಯಿಂದ ಏನೂ ಉಪಯೋಗ ಇರಲಿಲ್ಲ. ಅವರು ಮೂಲೆ ಸೇರುತ್ತಿದ್ದರು.

ಆಸ್ಪತ್ರೆಯನ್ನೇ ಅವರ ಬಳಿಗೆ ಒಯ್ಯಬೇಕೆಂದು ಹೊರಟವರು ಡಾ. ಎಂ. ಸಿ. ಮೋದಿ. ಮುರುಗಪ್ಪ ಚನ್ನವೀರಪ್ಪ ಮೋದಿ, ಬಾಗಲಕೋಟೆ ಜಿಲ್ಲೆಯ ಬೀಳಗಿಯವರು. 1943ರಿಂದ ಊರೂರಲ್ಲಿ ಉಚಿತ ಕ್ಯಾಂಪು ನಡೆಸಿದರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. ಗಿನ್ನೆಸ್ ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಇರುವ ಅಂಕಿಗಳು ಓದುವವರನ್ನು ನಿಲ್ಲಿಸಿಬಿಡುತ್ತವೆ: 1993ರ ಫೆಬ್ರವರಿಯವರೆಗೆ 46,120 ಹಳ್ಳಿ, 6,10,564 ಆಪರೇಷನ್, ಒಂದೇ ದಿನದಲ್ಲಿ ಅತಿ ಹೆಚ್ಚೆಂದರೆ 833. ಹದಿನಾಲ್ಕು ಗಂಟೆ ಬಿಡುವಿಲ್ಲದೆ ಕೈಯಾಡಿಸಿದರೂ ಒಂದು ಕಣ್ಣಿಗೆ ಸಿಗುವುದು ಒಂದೇ ನಿಮಿಷ. ವರ್ಷದ ಎಲ್ಲ ದಿನ ಲೆಕ್ಕ ಹಾಕಿದರೆ ಐವತ್ತು ವರ್ಷ ದಿನಕ್ಕೆ ಮೂವತ್ತಮೂರು ಕಣ್ಣು. ಅವರು ಬೆಂಗಳೂರಿನ ವೆಸ್ಟ್ ಆಫ್ ಕಾರ್ಡ್ ರಸ್ತೆಯ ಬಳಿ ಕಟ್ಟಿದ ಆಸ್ಪತ್ರೆ ತುಮಕೂರು ರಸ್ತೆಯಿಂದ ಬರುವವರಿಗೆ ಹತ್ತಿರ. “ಮೋದಿ ಆಸ್ಪತ್ರೆ” ಎಂಬುದು ಈಗ ಆ ಭಾಗಕ್ಕೇ ಹೆಸರಾಗಿದೆ. 2005ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಕನ್ನಡ ನಾಡಿನಲ್ಲಿ ಇಷ್ಟು ಮನೆಗಳೊಳಗೆ ಹೊಕ್ಕ ವೈದ್ಯರು ಇನ್ನೊಬ್ಬರಿಲ್ಲ ಎಂದೇ ನನ್ನ ನಂಬಿಕೆ.

ಆ ಕ್ಯಾಂಪುಗಳ ಬಗೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಬೇಸಿಗೆ ರಜೆಯಲ್ಲಿ ಸ್ಕೂಲು ಖಾಲಿ ಇರುವಾಗ, ಇಲ್ಲವೇ ಒಂದು ಛತ್ರದಲ್ಲಿ. ಕರಪತ್ರ ಹಂಚಿ, ತಮಟೆ ಹೊಡೆಸಿ ಸಾರುತ್ತಿದ್ದರು. ಊರಿನ ವರ್ತಕರು ಅಕ್ಕಿ, ಬೇಳೆ ಕೊಡುತ್ತಿದ್ದರು. ಕಾಲೇಜು ಹುಡುಗರು ಸ್ವಯಂಸೇವಕರು. ಮೊದಲ ದಿನ ಟಾರ್ಚ್ ಹಾಕಿ ಕಣ್ಣು ನೋಡಿ, ಪೊರೆ ಬಲಿತಿದೆಯೋ ಇಲ್ಲವೋ ಹೇಳುತ್ತಿದ್ದರು. ಬಲಿಯದಿದ್ದರೆ ಬರುವ ವರ್ಷ ಬಾ ಎನ್ನುತ್ತಿದ್ದರು. ಅಲ್ಲಿಯವರೆಗೆ ಕುರುಡಾಗಿಯೇ ಕಾಯಬೇಕು. ಆಗಿನ ವಿಧಾನದಲ್ಲಿ ಕಾರ್ನಿಯಾದ ಅಂಚನ್ನು ಅರ್ಧ ಸುತ್ತು ಕೊಯ್ದು ಮಸೂರವನ್ನು ಅದರ ಚೀಲದ ಸಮೇತ ಇಡಿಯಾಗಿ ಎತ್ತುತ್ತಿದ್ದರು. ಅಷ್ಟು ದೊಡ್ಡ ಗಾಯ ಕೂಡಿಕೊಳ್ಳಬೇಕಾದರೆ ತಲೆ ಅಲುಗಬಾರದು. ಕ್ಲಾಸ್‌ರೂಮಿನ ನೆಲದ ಮೇಲೆ ಚಾಪೆ ಹಾಸಿ ಸಾಲಾಗಿ ಮಲಗಿಸುತ್ತಿದ್ದರು. ಕಣ್ಣಿಗೆ ಪಟ್ಟಿ, ಕೆಮ್ಮಬಾರದು, ಸೀನಬಾರದು, ಮಗ್ಗುಲಾಗಬಾರದು. ಹೀಗೆ ದಿನಗಳನ್ನು ಕಳೆದ ಮೇಲೆ ಪಟ್ಟಿ ಬಿಚ್ಚುತ್ತಿದ್ದರು.

ಪಟ್ಟಿ ಬಿಚ್ಚಿದಾಗ ಮೊದಲು ಕಾಣುತ್ತಿದ್ದದ್ದು ಬಣ್ಣ. ಮುಪ್ಪಿನಲ್ಲಿ ಮಸೂರ ಹಳದಿಯಾಗಿ ನೀಲಿಯನ್ನು ತಡೆದಿರುತ್ತದೆ. ಅದು ಹೋದ ಕೂಡಲೇ ಆಕಾಶ, ಸೀರೆಯ ಅಂಚು ಎಲ್ಲ ಹಿಂದೆಂದೂ ಇಲ್ಲದಷ್ಟು ನೀಲಿ. ಆದರೆ ಆಕಾರ ಕೂಡಬೇಕಾದರೆ ಕನ್ನಡಕ ಏರಬೇಕು. ಏರಿದಾಗ ಲೋಕ ಥಟ್ಟನೆ ಹತ್ತಿರ ಬಂದು ನಿಲ್ಲುತ್ತಿತ್ತು, ಏಕೆಂದರೆ ಆ ಗಾಜು ಎಲ್ಲವನ್ನೂ ಕಾಲು ಭಾಗಕ್ಕೂ ಹೆಚ್ಚು ದೊಡ್ಡದು ಮಾಡಿ ತೋರಿಸುತ್ತಿತ್ತು. ಲೋಟ ಇನ್ನೂ ಅರ್ಧ ಮೊಳ ಆಚೆಗಿರುವಾಗಲೇ ಕೈ ಮುಚ್ಚಿಕೊಳ್ಳುತ್ತಿತ್ತು. ಹೊಸಿಲು ಇಲ್ಲೇ ಬಂತೆಂದು ಎತ್ತಿದ ಕಾಲು ಬರಿ ನೆಲಕ್ಕೆ ಬೀಳುತ್ತಿತ್ತು. ಅದಕ್ಕಿಂತ ಅಪಾಯದ್ದು ಇನ್ನೊಂದಿತ್ತು. ದಪ್ಪ ಗಾಜಿನ ಅಂಚು ಕಿರಣಗಳನ್ನು ಬಲವಾಗಿ ಒಳಕ್ಕೆ ಎಳೆಯುವುದರಿಂದ, ಗಾಜಿನೊಳಗಿನ ನೋಟಕ್ಕೂ ಹೊರಗಿನ ನೋಟಕ್ಕೂ ನಡುವೆ ಉಂಗುರದಂಥ ಕುರುಡು ಪಟ್ಟಿ ಉಳಿಯುತ್ತದೆ. ರಸ್ತೆ ದಾಟುವಾಗ ಪಕ್ಕದಿಂದ ಬಂದ ಸೈಕಲ್ಲು ಆ ಪಟ್ಟಿಯೊಳಗೆ ಹೊಕ್ಕು ಮಾಯವಾಗಿ, ಆಮೇಲೆ ಒಮ್ಮೆಲೇ ಮೂಗಿನ ಮುಂದೆ ಕಾಣಿಸಿಕೊಳ್ಳುತ್ತದೆ. ಸೋಡಾ ಬುಡ್ಡಿ ಹಾಕಿದವರು ಕಣ್ಣು ತಿರುಗಿಸದೆ ಇಡೀ ತಲೆಯನ್ನೇ ನಿಧಾನವಾಗಿ ತಿರುಗಿಸಿ ನೋಡುತ್ತಿದ್ದದ್ದು ಇದಕ್ಕೇ. ನಾವು ಹುಡುಗರು ಅದನ್ನು ಅಣಕಿಸುತ್ತಿದ್ದೆವು, ಅದರ ಹಿಂದಿನ ಕಷ್ಟ ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ಕಣ್ಣಿಗೆ ಮಾತ್ರ ಆಪರೇಷನ್ ಆಗಿ ಇನ್ನೊಂದು ಚೆನ್ನಾಗಿದ್ದರೂ ತೊಂದರೆಯೇ. ಎರಡು ಕಣ್ಣಿನ ಬಿಂಬಗಳು ಬೇರೆಬೇರೆ ಅಳತೆಯವು. ಮಿದುಳು ಅವನ್ನು ಒಂದು ಮಾಡಲಾರದೆ ಎರಡೆರಡು ಕಾಣುತ್ತಿತ್ತು. ಆದ್ದರಿಂದ ಎರಡೂ ಕಣ್ಣು ಕೆಡುವವರೆಗೆ ಕಾಯುವುದೇ ನಿಯಮವಾಯಿತು.

ಇನ್ನು ಗಾಜು ಒಡೆದರೆ? ದನ ಕಟ್ಟುವಾಗ ಬಿದ್ದು ಒಡೆಯಿತು, ಮಗು ಎಳೆದು ಬೀಳಿಸಿತು, ಜಾತ್ರೆಯಲ್ಲಿ ಕಳೆಯಿತು. ಕ್ಯಾಂಪು ಎತ್ತಿ ಹೋಗಿ ತಿಂಗಳುಗಳಾಗಿರುತ್ತವೆ. ಹೊಸದು ಮಾಡಿಸಲು ಬೆಂಗಳೂರಿಗೇ ಹೋಗಬೇಕು, ದುಡ್ಡು ಬೇಕು. ಮನೆಯಲ್ಲಿ ಅದಕ್ಕಿಂತ ತುರ್ತಿನ ಖರ್ಚು ಯಾವಾಗಲೂ ಇರುತ್ತದೆ. 1986–89ರಲ್ಲಿ ದೇಶದಾದ್ಯಂತ ನಡೆದ ಸಮೀಕ್ಷೆಯಲ್ಲಿ ಕುರುಡಿಗೆ ಕಾರಣಗಳನ್ನು ಪಟ್ಟಿ ಮಾಡಿದಾಗ ಪೊರೆಯದು ಶೇಕಡಾ 80. ಅದೇ ಪಟ್ಟಿಯಲ್ಲಿ ಶೇಕಡಾ 4.69 ಜನ ಪೊರೆ ತೆಗೆಸಿಕೊಂಡ ಮೇಲೂ ಕುರುಡಾಗಿಯೇ ಇದ್ದವರು. ಮಸೂರ ಹೋದ ಕಣ್ಣಿಗೆ ಸರಿಯಾದ ಗಾಜು ಇಲ್ಲದಿರುವುದು ಅವರಲ್ಲಿ ಬಹಳ ಜನರ ಕೊರತೆ. ಅವರೆಲ್ಲ ಯಾವುದೋ ಕ್ಯಾಂಪಿನ ವರದಿಯಲ್ಲಿ ಯಶಸ್ಸೆಂದು ಎಣಿಸಿಕೊಂಡವರು. ಅವರಿಗೆ ಬೇಕಿದ್ದದ್ದು ಒಂದು ಜೊತೆ ಗಾಜು.

ಮಸೂರ ತೆಗೆದ ಜಾಗದಲ್ಲೇ ಇನ್ನೊಂದು ಮಸೂರ ಇಡುವ ಕೆಲಸ ಅಷ್ಟು ಹೊತ್ತಿಗೆ ಇಂಗ್ಲೆಂಡಿನಲ್ಲಿ ನಡೆದು ನಲವತ್ತು ವರ್ಷವಾಗಿತ್ತು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಪರ್ಸ್‌ಪೆಕ್ಸ್ ಗವಾಕ್ಷಿ ಒಡೆದು ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕಿದ್ದವು. ಆ ಚೂರುಗಳನ್ನು ಕಣ್ಣು ಸುಮ್ಮನೆ ಇಟ್ಟುಕೊಳ್ಳುತ್ತದೆ, ಉರಿಯೂತ ಎಬ್ಬಿಸುವುದಿಲ್ಲ ಎಂಬುದನ್ನು ಕಣ್ಣಿನ ವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ವಸ್ತುವಿನ ಮಸೂರವನ್ನು ರೋಗಿಯೊಬ್ಬರ ಕಣ್ಣಿನೊಳಗೆ ಇಟ್ಟರು. ಬಿಂಬ ಮೂಡಿತು, ಆದರೆ ಆ ರೋಗಿಗೆ ದೂರದ್ದು ಏನೂ ಕಾಣದಷ್ಟು ಹ್ರಸ್ವದೃಷ್ಟಿ. ಕಣ್ಣಿನ ಸಹಜ ಮಸೂರದ ಉಬ್ಬನ್ನೇ ಅನುಸರಿಸಿ ಹೊಸದನ್ನು ಮಾಡಿದ್ದರು. ಪರ್ಸ್‌ಪೆಕ್ಸ್ ಬೆಳಕನ್ನು ಅದಕ್ಕಿಂತ ಹೆಚ್ಚು ನಿಧಾನ ಮಾಡುತ್ತದೆ, ಹಾಗಾಗಿ ಅದೇ ಉಬ್ಬು ಇಲ್ಲಿ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಬಾಗಿಸಿತು. ಹಿರಿಯ ವೈದ್ಯರು ಅನೇಕರು ರಿಡ್ಲಿಯನ್ನು ವರ್ಷಗಟ್ಟಲೆ ಖಂಡಿಸಿದರು. ಕಣ್ಣಿನೊಳಗಿನ ಮಸೂರ ಎಲ್ಲರೂ ಒಪ್ಪುವ ಚಿಕಿತ್ಸೆಯಾದದ್ದು 1980ರ ದಶಕದಲ್ಲಿ.

ನಮ್ಮ ದೇಶಕ್ಕೆ ಅದು ಬಂದಾಗ ಪರದೇಶದ ಮಾಲು, ಬೆಲೆ ಶ್ರೀಮಂತರಿಗೆ ಮಾತ್ರ ಎಟುಕುವಂಥದ್ದು. 1992ರಲ್ಲಿ ಮದುರೈಯ ಅರವಿಂದ ಕಣ್ಣಾಸ್ಪತ್ರೆಯವರು ಆರೋಲ್ಯಾಬ್ ಎಂಬ ಕಾರ್ಖಾನೆ ತೆರೆದು ಇಲ್ಲೇ ಮಸೂರ ತಯಾರಿಸಲು ಶುರು ಮಾಡಿದ ಮೇಲೆ ಬೆಲೆ ಕುಸಿಯಿತು. ಆರು ಮಿಲಿಮೀಟರ್ ಅಗಲದ, ಒಂದು ಮಿಲಿಮೀಟರಿಗಿಂತ ತೆಳ್ಳಗಿನ ಬಿಲ್ಲೆ. ಎರಡು ಕಡೆ ಕೂದಲೆಳೆಯಂಥ ಕಾಲು. ಮಸೂರದ ಹಳೆಯ ಚೀಲವನ್ನು ಒಳಗೇ ಉಳಿಸಿಕೊಂಡು ಅದರಲ್ಲಿ ಇದನ್ನು ಕೂರಿಸುತ್ತಾರೆ. ತಾಯಿ ಕೊಟ್ಟ ಮಸೂರ ಇದ್ದ ಜಾಗದಲ್ಲೇ ಕೂರುವುದರಿಂದ ಬಿಂಬ ದೊಡ್ಡದಾಗುವುದಿಲ್ಲ, ಕುರುಡು ಉಂಗುರವಿಲ್ಲ. ಒಡೆಯುವ, ಕಳೆಯುವ ಮಾತೇ ಇಲ್ಲ. ಒಂದೇ ಕಣ್ಣಿಗೆ ಮಾಡಿದರೂ ಸರಿ, ಪೊರೆ ಬಲಿಯುವ ತನಕ ಕಾಯಬೇಕಾಗಿಯೂ ಇಲ್ಲ. ಸೋಡಾ ಬುಡ್ಡಿಯ ಒಂದೊಂದು ಕಷ್ಟಕ್ಕೂ ಈ ಬಿಲ್ಲೆಯಲ್ಲಿ ಉತ್ತರವಿತ್ತು.

ಸ್ಕೂಲಿನ ಕೊಠಡಿಯಲ್ಲಿ ಆಪರೇಷನ್ ಮಾಡುವ ಕ್ರಮ ನಿಂತದ್ದಕ್ಕೆ ಇನ್ನೊಂದು ಕಾರಣವೂ ಇತ್ತು. 1986ರ ಜನವರಿಯಲ್ಲಿ ಉತ್ತರ ಪ್ರದೇಶದ ಖುರ್ಜಾದ ಕ್ಯಾಂಪೊಂದರಲ್ಲಿ ಪೊರೆ ತೆಗೆಸಿಕೊಂಡ 88 ಜನರಲ್ಲಿ 84 ಮಂದಿಯ ಆಪರೇಷನ್ ಆದ ಕಣ್ಣು ಸೋಂಕಿನಿಂದ ಹೋಯಿತು. ಸುಪ್ರೀಂ ಕೋರ್ಟ್ 1989ರಲ್ಲಿ ಕೊಟ್ಟ ತೀರ್ಪು ಪರಿಹಾರ ಕೊಡಿಸಿದ್ದಲ್ಲದೆ, ಕ್ಯಾಂಪುಗಳಲ್ಲಿ ಶುಚಿತ್ವ ಮತ್ತು ಎಚ್ಚರ ಹೇಗಿರಬೇಕೆಂಬ ಪ್ರಶ್ನೆಯನ್ನು ದೇಶದ ಮುಂದಿಟ್ಟಿತು. ಆ ಪೀಠದಲ್ಲಿ, ಮುಂದೆ ಮುಖ್ಯ ನ್ಯಾಯಮೂರ್ತಿಯಾದ ನಮ್ಮ ಎಂ. ಎನ್. ವೆಂಕಟಾಚಲಯ್ಯನವರಿದ್ದರು. ಕಣ್ಣಿನೊಳಗೆ ಮಸೂರ ಇಡುವ ಕೆಲಸಕ್ಕೆ ಸೂಕ್ಷ್ಮದರ್ಶಕ, ಶುದ್ಧವಾದ ಥಿಯೇಟರ್ ಬೇಕೇ ಬೇಕು. ಅವು ಹಳ್ಳಿಯ ಛತ್ರಕ್ಕೆ ಬರುವುದಿಲ್ಲ. ಹೀಗಾಗಿ ಕ್ಯಾಂಪು ತಪಾಸಣೆಗೆ ಸೀಮಿತವಾಯಿತು, ರೋಗಿಗಳು ವ್ಯಾನಿನಲ್ಲಿ ಆಸ್ಪತ್ರೆಗೆ ಹೋಗಿಬರತೊಡಗಿದರು.

ಇಂದಿಗೂ ಕ್ರಮ ಅದೇ. ಆಪರೇಷನ್ನಿಗೆ ಮುಂಚೆ ಕಾರ್ನಿಯಾದ ಉಬ್ಬು, ಕಣ್ಣುಗುಡ್ಡೆಯ ಉದ್ದ ಎರಡನ್ನೂ ಅಳೆಯುತ್ತಾರೆ. ಉದ್ದ ಸುಮಾರು 24 ಮಿಲಿಮೀಟರ್. ಅಳತೆಯಲ್ಲಿ ಒಂದೇ ಮಿಲಿಮೀಟರ್ ತಪ್ಪಿದರೆ ಎರಡೂವರೆ ಡಯಾಪ್ಟರ್‌ಗೂ ಹೆಚ್ಚು ಎಡವಟ್ಟು. ಸೋಡಾ ಬುಡ್ಡಿಯ ಕಾಲದಲ್ಲಿ ಎಲ್ಲರಿಗೂ ಒಂದೇ +10 ಹಂಚಿದ್ದುಂಟು. ಈಗ ಪ್ರತಿ ಕಣ್ಣಿಗೂ ಲೆಕ್ಕ ಬೇರೆ, ಆ ಮಸೂರದ ಶಕ್ತಿ ಮತ್ತು ಕ್ರಮಸಂಖ್ಯೆಯ ಚೀಟಿಯನ್ನು ರೋಗಿಯ ಕಾರ್ಡಿಗೆ ಅಂಟಿಸಿ ಕೊಡುತ್ತಾರೆ. ಆ ಕಾರ್ಡನ್ನು ಬಿಸಾಡದೆ ಇಟ್ಟುಕೊಳ್ಳಬೇಕು.

ಮನೆಯ ಹಿರಿಯರನ್ನು ವ್ಯಾನು ಹತ್ತಿಸುವ ಮುಂಚೆ ಒಂದು ವಿಷಯ ತಿಳಿಸಿ ಹೇಳುವುದು ಒಳ್ಳೆಯದು. ಎಳೆಯ ಕಣ್ಣಿನ ಮಸೂರ ಮೃದು, ಹತ್ತಿರದ್ದನ್ನು ನೋಡುವಾಗ ಅದು ಹೆಚ್ಚು ಉಬ್ಬಿಕೊಳ್ಳುತ್ತದೆ. ಒಳಗೆ ಇಟ್ಟ ಬಿಲ್ಲೆ ಉಬ್ಬುವುದಿಲ್ಲ. ಉಚಿತ ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ಇಡುವುದು ದೂರದ ನೋಟಕ್ಕೆ ಹೊಂದಿಸಿದ ಮಸೂರ. ಬಸ್ಸಿನ ಬೋರ್ಡು, ಬೆಟ್ಟದ ಗೆರೆ ಚೆನ್ನಾಗಿ ಕಾಣುತ್ತವೆ. ಪೇಪರ್ ಓದಲು, ಸೂಜಿಗೆ ದಾರ ಪೋಣಿಸಲು, ಅಕ್ಕಿಯಲ್ಲಿ ಕಲ್ಲು ಆರಿಸಲು +2.5ರ ಆಸುಪಾಸಿನ ಚಾಳೀಸು ಬೇಕಾಗುತ್ತದೆ. ಇದು ಗೊತ್ತಿಲ್ಲದೆ ಆಪರೇಷನ್ ಸರಿಹೋಗಲಿಲ್ಲವೆಂದು ಕೊರಗುವವರಿದ್ದಾರೆ. ವರ್ಷ ಎರಡು ವರ್ಷವಾದ ಮೇಲೆ ಮತ್ತೆ ಮಂಜಾದರೆ ಪೊರೆ ಮರಳಿ ಬಂತೆಂದು ಹೆದರಿ ಸುಮ್ಮನೆ ಕೂರುವವರೂ ಇದ್ದಾರೆ. ಮಂಜಾಗಿರುವುದು ಹಿಂದಿನ ಚೀಲದ ತೆಳು ಪದರ. ಲೇಸರ್ ಕಿರಣದಿಂದ ಅದನ್ನು ಕೆಲವೇ ನಿಮಿಷಗಳಲ್ಲಿ ಬಿಡಿಸುತ್ತಾರೆ, ಕೊಯ್ಯುವುದಿಲ್ಲ, ರಾತ್ರಿ ಉಳಿಯಬೇಕಾಗಿಲ್ಲ.